ತುಕ್ಕು ತಿಂದ 1970ರ ಶೆವೆಲ್: ಎಲ್ಲಿಂದ ಶುರು ಮಾಡಬೇಕು?

ಶಿರಸಿಯವ, ಮಿಷಿಗನ್

ಎಲ್ಲರಿಗೂ ನಮಸ್ಕಾರ. ನಮ್ಮ ಗ್ಯಾರೇಜಿಗೆ 1970ರ ಶೆವರ್ಲೆ ಶೆವೆಲ್ ಬಂದು ನಿಂತಿದೆ. ಎರಡು ಬಾಗಿಲಿನ ಹಾರ್ಡ್‌ಟಾಪ್. ಕ್ರಾನ್‌ಬೆರಿ ಕೆಂಪು ಬಣ್ಣ, ಮೇಲೆ ಕಪ್ಪು ವಿನೈಲ್ ಟಾಪ್. ಫ್ಲಿಂಟ್ ಹತ್ತಿರ ಒಂದು ತೋಟದ ಮನೆಯ ಶೆಡ್‌ನಲ್ಲಿ, ಮಣ್ಣು ನೆಲದ ಮೇಲೆ ವರ್ಷಗಟ್ಟಲೆ ನಿಂತಿದ್ದ ಗಾಡಿ ಇದು. ಮಾರಿದವರು ಎಸ್‌ಎಸ್ 396 (ಸೂಪರ್ ಸ್ಪೋರ್ಟ್, 396 ಕ್ಯೂಬಿಕ್ ಇಂಚಿನ ದೊಡ್ಡ ಇಂಜಿನ್‌ನದ್ದು) ಅಂತ ಹೇಳಿದರು. ಗ್ರಿಲ್ ಮೇಲೆ ಬ್ಯಾಡ್ಜ್ ಇದೆ. ಆದರೆ ಬಾನೆಟ್ ಎತ್ತಿದರೆ ಸ್ಮಾಲ್ ಬ್ಲಾಕ್, ಅಂದರೆ ಚಿಕ್ಕ ಗಾತ್ರದ ವಿ8 ಇಂಜಿನ್ ಕೂತಿದೆ. ನಾನು ಕೊಟ್ಟಿದ್ದು ಮಾಮೂಲಿ ಮಾಲಿಬು (ಎಸ್‌ಎಸ್ ಅಲ್ಲದ ಸಾಮಾನ್ಯ ಶೆವೆಲ್) ಬೆಲೆ, ಹಾಗಾಗಿ ಆ ಬಗ್ಗೆ ಚಿಂತೆಯಿಲ್ಲ.

ಚಿಂತೆ ಇರುವುದು ತುಕ್ಕಿನ ಬಗ್ಗೆ. ಡ್ರೈವರ್ ಸೀಟಿನ ಮುಂದೆ ಕಾರ್ಪೆಟ್ ಎತ್ತಿದರೆ ಗ್ಯಾರೇಜಿನ ಕಾಂಕ್ರೀಟು ಕಾಣುತ್ತದೆ. ಡಿಕ್ಕಿಯ ನೆಲ ಹಪ್ಪಳದ ಹಾಗೆ, ಬೆರಳಲ್ಲಿ ಒತ್ತಿದರೆ ಮುರಿಯುತ್ತದೆ. ಹಿಂದಿನ ಎರಡೂ ಕ್ವಾರ್ಟರ್ ಪ್ಯಾನೆಲ್‌ಗಳ (ಹಿಂದಿನ ಚಕ್ರದ ಸುತ್ತಲಿನ ಹೊರ ತಗಡು) ಕೆಳಭಾಗದಲ್ಲಿ ಯಾರೋ ಫೈಬರ್‌ಗ್ಲಾಸ್ ಅಂಟಿಸಿ ಪುಟ್ಟಿ ಮೆತ್ತಿದ್ದಾರೆ, ಮ್ಯಾಗ್ನೆಟ್ ಹಿಡಿಯುವುದಿಲ್ಲ. ಹಿಂದಿನ ಗಾಜಿನ ಕೆಳಗೆ ವಿನೈಲ್ ಉಬ್ಬಿದೆ. ನನಗೆ ವೆಲ್ಡಿಂಗ್ ಸ್ವಲ್ಪ ಬರುತ್ತದೆ, ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಕಲಿತೆ. ಇದನ್ನು ಉಳಿಸಬೇಕು ಅನ್ನುವ ಆಸೆ ಜೋರಾಗಿದೆ. ಮೊದಲು ಕೈ ಹಾಕುವುದು ಯಾವುದಕ್ಕೆ?

ವಿ8 ಹಾಸನ, ಡಲ್ಲಾಸ್

ಗುರುಗಳೇ, ಬೇಜಾರು ಮಾಡಿಕೊಳ್ಳಬೇಡಿ. ಬಾಗಿಲು, ಬಂಪರ್, ಗಾಜು, ಡ್ಯಾಶ್ ಎಲ್ಲಾ ಬಿಡಿಭಾಗವಾಗಿ ಮಾರಿ. ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಅರಿಜೋನಾ ಅಥವಾ ನ್ಯೂ ಮೆಕ್ಸಿಕೋ ಕಡೆಯ ಒಣ ಗಾಡಿ ತಗೊಳ್ಳಿ. ಅಲ್ಲಿ ಬಿಸಿಲಿಗೆ ಸೀಟು, ಡ್ಯಾಶ್ ಸೀಳಿರುತ್ತವೆ, ಆದರೆ ತಗಡು ಗಟ್ಟಿ ಇರುತ್ತದೆ. ಸೀಟಿನ ಬಟ್ಟೆ ಹೊಲಿಸುವುದು ಅಗ್ಗ, ಬಾಡಿ ಕಟ್ಟುವುದು ಅಗ್ಗ ಅಲ್ಲ.

ಬಿಗ್‌ಬ್ಲಾಕ್ ಭಕ್ತ, ಹ್ಯೂಸ್ಟನ್

ಮಾರುವ ಮಾತು ಆಮೇಲೆ. ಮೊದಲು ಇದು ಯಾವ ಕಾರು ಅಂತ ಗೊತ್ತಾಗಲಿ.

1970ರ ಶೆವೆಲ್‌ನಲ್ಲಿ ಒಂದು ತೊಡಕಿದೆ. ಆ ವರ್ಷ ಎಸ್‌ಎಸ್ ಅನ್ನುವುದು ಬೇರೆ ಮಾಡೆಲ್ ಅಲ್ಲ, ಒಂದು ಆಪ್ಷನ್ ಪ್ಯಾಕೇಜ್. ಝಡ್25 ಅಂದರೆ ಎಸ್‌ಎಸ್ 396, ಝಡ್15 ಅಂದರೆ ಎಸ್‌ಎಸ್ 454. ಹಾಗಾಗಿ ವಿಐಎನ್, ಅಂದರೆ ಗಾಡಿಯ ಗುರುತಿನ ನಂಬರ್ ನೋಡಿ ಎಸ್‌ಎಸ್ ಹೌದೋ ಅಲ್ಲವೋ ಹೇಳುವುದಕ್ಕೆ ಆಗಲ್ಲ. ನಿಮ್ಮ ನಂಬರ್ 13637ರಿಂದ ಶುರುವಾದರೆ ವಿ8 ಮಾಲಿಬು ಎರಡು ಬಾಗಿಲಿನ ಹಾರ್ಡ್‌ಟಾಪ್ ಅಂತ ಮಾತ್ರ ಅರ್ಥ. ಅದರ ಮುಂದಿನ 0 ಅಂದರೆ 1970, ಅದರ ಮುಂದಿನ ಅಕ್ಷರ ಫ್ಯಾಕ್ಟರಿ. ಫೈರ್‌ವಾಲ್ (ಇಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡು) ಮೇಲಿನ ಸಣ್ಣ ಲೋಹದ ಪಟ್ಟಿ, ಟ್ರಿಮ್ ಟ್ಯಾಗ್ ಕೂಡ ಎಸ್‌ಎಸ್ ಬಗ್ಗೆ ಬಾಯಿ ಬಿಡುವುದಿಲ್ಲ. ಬಣ್ಣ, ಒಳಗಿನ ಬಟ್ಟೆ, ಬಾಡಿ ಯಾವ ವಾರ ತಯಾರಾಯಿತು ಅನ್ನುವುದು ಅದರಲ್ಲಿ ಸಿಗುತ್ತದೆ. ಬಣ್ಣದ ಕಡೆ 75 ಅಂತಿದ್ದರೆ ನಿಮ್ಮ ಕ್ರಾನ್‌ಬೆರಿ ಕೆಂಪು ಮೂಲ ಬಣ್ಣವೇ.

ಗಟ್ಟಿ ಸಾಕ್ಷಿ ಬೇಕಾದರೆ ಬಿಲ್ಡ್ ಶೀಟ್ ಸಿಗಬೇಕು. ಅಸೆಂಬ್ಲಿ ಲೈನಿನಲ್ಲಿ ಕಾರಿನ ಜೊತೆ ಓಡಾಡುತ್ತಿದ್ದ ಕಾಗದ ಅದು. ಎಷ್ಟೋ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ, ಡಿಕ್ಕಿ ನೆಲಕ್ಕೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಕೆಲವು ಸಲ ಹಿಂದಿನ ಸೀಟಿನ ಸ್ಪ್ರಿಂಗಿನಲ್ಲಿ ಸಿಗುತ್ತದೆ. ಎಲ್ಲಾ ಫ್ಯಾಕ್ಟರಿಯ ಗಾಡಿಗಳಲ್ಲೂ ಸಿಗುತ್ತದೆ ಅನ್ನುವಂತಿಲ್ಲ. ಹೇಗೂ ವೆಲ್ಡಿಂಗ್‌ಗೆ ಮೊದಲು ಟ್ಯಾಂಕ್ ಇಳಿಸಲೇಬೇಕು. ಇಳಿಸುವಾಗ ರಭಸ ಬೇಡ, ನೀರು ಹಾಕಿ ತೊಳೆಯಲೂ ಬೇಡಿ. ಆ ಕಾಗದ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿ ಇರುತ್ತದೆ. ಮೊದಲು ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ.

ಇಂಜಿನ್ ಬ್ಲಾಕ್‌ನ ಮುಂದೆ, ಪ್ಯಾಸೆಂಜರ್ ಕಡೆ ಹೆಡ್ ಕೂರುವಲ್ಲಿ ಸಣ್ಣ ಪಟ್ಟಿ ಇದೆ. ಅಲ್ಲಿ ಕೂಡ ವಿಐಎನ್‌ನ ಭಾಗ ಕುಟ್ಟಿರುತ್ತಾರೆ. ಗಾಡಿಯ ನಂಬರಿಗೆ ಅದು ತಾಳೆ ಬಿದ್ದರೆ ಇಂಜಿನ್ ಹುಟ್ಟಿನಿಂದಲೇ ಇದರದ್ದು.

ತಗಡು ಮೇಷ್ಟ್ರು, ಹುಬ್ಬಳ್ಳಿ

ನಾನು ಶೆವೆಲ್ ಮೇಲೆ ಕೆಲಸ ಮಾಡಿದವನಲ್ಲ. ಆದರೆ ಟಿಂಕರಿಂಗ್ ನಮ್ಮ ಮನೆತನದ ಕೆಲಸ. ಅಂಬಾಸಿಡರ್, ಫಿಯಟ್, ಹಳೇ ಜೀಪು ಬೇಕಾದಷ್ಟು ಬಿಚ್ಚಿ ಕಟ್ಟಿದ್ದೇವೆ. ತುಕ್ಕಿನ ಬುದ್ಧಿ ಎಲ್ಲಾ ಕಡೆ ಒಂದೇ.

ಸರ್, ಕಣ್ಣಿಗೆ ಕಾಣುವ ತೂತಿಗೆ ಹೆದರಬೇಡಿ. ನೆಲ, ಡಿಕ್ಕಿ, ಕ್ವಾರ್ಟರ್ ಎಲ್ಲಾ ಹೊಸ ತಗಡು ಸಿಗುವ ಭಾಗಗಳು. ನಿಮ್ಮ ಅಮೆರಿಕದಲ್ಲಿ ಈ ಗಾಡಿಗೆ ಅಚ್ಚುಕಟ್ಟಾಗಿ ಪ್ರೆಸ್ ಮಾಡಿದ ಪ್ಯಾನೆಲ್ ಸಿಗುತ್ತವೆ ಅಂತ ಕೇಳಿದ್ದೇನೆ. ನಮಗೆ ಇಲ್ಲಿ ಎಷ್ಟೋ ಸಲ ಸಾದಾ ಶೀಟು ತಂದು ಕೈಯಲ್ಲೇ ಬಡಿದು ಆಕಾರ ತರಬೇಕು. ಹೆದರಬೇಕಾಗಿರುವುದು ಚಾಸಿಗೆ. ಶೆವೆಲ್‌ಗೆ ಚಾಸಿ ಬೇರೆ, ಬಾಡಿ ಬೇರೆ ಅಲ್ವಾ? ಒಂದು ಸುತ್ತಿಗೆ, ಒಂದು ಹಳೇ ಸ್ಕ್ರೂ ಡ್ರೈವರ್ ಹಿಡಿದು ಕೆಳಗೆ ಮಲಗಿ. ಒಂದೊಂದು ಅಂಗೈ ಅಂತರಕ್ಕೆ ಹೊಡೆಯುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಸತ್ತ ಕಡೆ ಡಬ್ ಅಂದು ಸುತ್ತಿಗೆ ಅಲ್ಲೇ ನಿಲ್ಲುತ್ತದೆ, ಪದರ ಪದರವಾಗಿ ಉದುರುತ್ತದೆ. ಹಿಂದಿನ ಚಕ್ರದ ಮೇಲೆ ಚಾಸಿ ಬಿಲ್ಲಿನಂತೆ ಏರುತ್ತದಲ್ಲ, ಅಲ್ಲಿ ಮತ್ತು ಅದರ ಹಿಂದಿನ ಬಾಲದಲ್ಲಿ ಇನ್ನೂ ಹುಷಾರಾಗಿ ನೋಡಿ. ಬಾಡಿ ಕೂರುವ ರಬ್ಬರ್ ಬುಷ್‌ಗಳ ಜಾಗವನ್ನೂ ಬಿಡಬೇಡಿ. ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಹಾಕಿ.

ಚಾಸಿ ನೋಡುವ ತನಕ ಒಂದು ಪ್ಯಾನೆಲ್ ಕೂಡ ಆರ್ಡರ್ ಮಾಡಬೇಡಿ.

ರಸಾಯನ, ಕ್ಲೀವ್‌ಲ್ಯಾಂಡ್

ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಒಂದು ಮಾತು. ನಾನು ಕೊರೋಷನ್ (ತುಕ್ಕಿನ ಪರೀಕ್ಷೆಯ) ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಓಹಾಯೋ, ನಿಮ್ಮ ಮಿಷಿಗನ್ ಎರಡೂ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಪ್ರದೇಶದಲ್ಲಿವೆ. ಆ ಉಪ್ಪು ನಿಮಗೆ ದೂರದಿಂದ ಬರಬೇಕಾಗಿಲ್ಲ. ಡೆಟ್ರಾಯಿಟ್ ನಗರದ ಕೆಳಗೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ಮೇಲೆ ಕಾರು ಮಾಡುವ ಊರು, ಅದರ ಕೆಳಗೆ ಕಾರು ತಿನ್ನುವ ಉಪ್ಪು.

ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವ ಸುಮಾರು 75 ಪ್ರತಿಶತ ದಾಟಿದರೆ ಅಡುಗೆ ಉಪ್ಪು ತಾನಾಗಿ ಕರಗಿ ಒದ್ದೆಯಾಗುತ್ತದೆ. ರಸ್ತೆಗೆ ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಅದಕ್ಕಿಂತ ಬಹಳ ಕಡಿಮೆ ತೇವದಲ್ಲೇ ಒದ್ದೆಯಾಗುತ್ತದೆ. ಅಂದರೆ ಮಳೆ ಇಲ್ಲದ ದಿನವೂ ಸಂದಿಯೊಳಗಿನ ತಗಡು ಒಣಗುವುದಿಲ್ಲ. ಜೊತೆಗೆ, ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಬೇಕಾಗುತ್ತದೆ. ಎರಡು ತಗಡು ಸೇರುವಲ್ಲಿ ತುಕ್ಕು ಹುಟ್ಟಿದರೆ ಅದು ಊದಿಕೊಂಡು ತಗಡುಗಳನ್ನು ದೂರ ತಳ್ಳುತ್ತದೆ. ಆ ಬಿರುಕಿಗೆ ಇನ್ನಷ್ಟು ನೀರು ಹೋಗುತ್ತದೆ. ಅದಕ್ಕೇ ಸ್ಪಾಟ್ ವೆಲ್ಡ್ ಸಾಲುಗಳ ಹತ್ತಿರ ಉಬ್ಬು ಕಂಡರೆ ಒಳಗೆ ಕೆಲಸ ಮುಗಿದಿದೆ ಅಂತ ತಿಳಿಯಿರಿ.

ತುಕ್ಕಿನ ಮೇಲೆ ಹಚ್ಚಿದರೆ ಸಾಕು ಅನ್ನುವ ಬಣ್ಣಗಳ ಬಗ್ಗೆ ಯಾರಾದರೂ ಇಲ್ಲಿ ಹೇಳಿಯೇ ಹೇಳುತ್ತಾರೆ. ತುಕ್ಕಿನ ಗುಳಿಗಳ ತಳದಲ್ಲಿ ಕ್ಲೋರೈಡ್ ಕೂತಿರುತ್ತದೆ. ಅದನ್ನು ತೊಳೆಯದೆ ಏನೇ ಹಚ್ಚಿದರೂ ಸ್ವಲ್ಪ ದಿನಕ್ಕೆ ಗುಳ್ಳೆ ಏಳುತ್ತದೆ. ದಪ್ಪ ಚಾಸಿಗೆ ಬ್ಲಾಸ್ಟ್ ಮಾಡಿಸಿ (ಗಾಳಿಯ ಒತ್ತಡದಲ್ಲಿ ಒರಟು ಪುಡಿ ಹೊಡೆಸಿ) ತೊಳೆದು, ಬೇಗ ಒಣಗಿಸಿ, ಎಪಾಕ್ಸಿ ಪ್ರೈಮರ್ ಹೊಡೆಯಿರಿ. ತೂತು ಬಿದ್ದ ತಗಡಿಗೆ ಔಷಧಿ ಇಲ್ಲ, ಕತ್ತರಿಸಲೇಬೇಕು.

ಇನ್ನೊಂದು. ಒದ್ದೆ ಉಪ್ಪು ಮೆತ್ತಿದ ಗಾಡಿಯನ್ನು ಹೀಟರ್ ಹಾಕಿದ ಗ್ಯಾರೇಜಿಗೆ ತಂದು ನಿಲ್ಲಿಸುವುದು ಒಳ್ಳೆಯದಲ್ಲ. ಹೊರಗಿನ ಕೊರೆಯುವ ಚಳಿಯಲ್ಲಿ ತುಕ್ಕು ನಿಧಾನ, ಬೆಚ್ಚಗಿನ ಒದ್ದೆಯಲ್ಲಿ ಜೋರು. ನಿಮ್ಮ ದಿನದ ಕಾರನ್ನು ಇದರ ಪಕ್ಕ ನಿಲ್ಲಿಸುವುದಾದರೆ ತಳ ತೊಳೆಸಿ ನಿಲ್ಲಿಸಿ.

ಶಿರಸಿಯವ, ಮಿಷಿಗನ್

ಎಲ್ಲರಿಗೂ ಧನ್ಯವಾದ. ಹೇಳಿದ ಹಾಗೆ ಮಾಡಿ ಬಂದೆ.

ಟ್ಯಾಂಕ್ ಇಳಿಸಿದೆ. ಮೇಲೆ ಕಾಗದ ಇತ್ತು! ಅರ್ಧ ಇಲಿ ತಿಂದಿದೆ, ಉಳಿದಿದ್ದು ಕಂದು ಬಣ್ಣಕ್ಕೆ ತಿರುಗಿದೆ. ಅಗಲವಾದ ಚಾಕುವಿನ ಮೇಲೆ ಎತ್ತಿ ಗಾಜಿನ ನಡುವೆ ಇಟ್ಟೆ. ಎಲ್48 ಅಂತ ಓದಲು ಬರುತ್ತದೆ, ಸಿ08 ಅಂತಲೂ ಇದೆ. ಝಡ್25 ಎಲ್ಲೂ ಇಲ್ಲ. ವಿಐಎನ್‌ನಲ್ಲಿ ಫ್ಯಾಕ್ಟರಿ ಅಕ್ಷರ ಬಿ. ಬ್ಲಾಕ್ ಮೇಲಿನ ನಂಬರ್ ತಂತಿ ಬ್ರಷ್ ಹಾಕದೆ ಸೀಮೆಎಣ್ಣೆ, ಬಟ್ಟೆಯಲ್ಲಿ ಒರೆಸಿದೆ. ಗಾಡಿಯ ನಂಬರಿಗೆ ತಾಳೆ ಬೀಳುತ್ತದೆ.

ಚಾಸಿ: ಮುಂದಿನಿಂದ ಹಿಂದಿನ ಚಕ್ರದ ತನಕ ಎಲ್ಲಾ ಕಡೆ ಠಣ್ ಅಂತ ಕೇಳಿಸಿತು. ಡ್ರೈವರ್ ಕಡೆ ಹಿಂದಿನ ಬಾಲದಲ್ಲಿ ಸ್ಕ್ರೂ ಡ್ರೈವರ್ ಸಲೀಸಾಗಿ ಒಳಗೆ ಹೋಯಿತು. ಪ್ಯಾಸೆಂಜರ್ ಕಡೆ ಮೇಲಿನ ಪದರ ಮಾತ್ರ ಹೋಗಿದೆ.

ಬಿಗ್‌ಬ್ಲಾಕ್ ಭಕ್ತ, ಹ್ಯೂಸ್ಟನ್

ಎಲ್48 ಅಂದರೆ ನಾಲ್ಕು ಬ್ಯಾರಲ್ ಕಾರ್ಬುರೇಟರಿನ, 350 ಕ್ಯೂಬಿಕ್ ಇಂಚಿನ ಇಂಜಿನ್, ಆಗಿನ ಲೆಕ್ಕದಲ್ಲಿ 300 ಹಾರ್ಸ್ ಪವರ್. ಸಿ08 ವಿನೈಲ್ ಟಾಪ್. ಬಾಲ್ಟಿಮೋರ್‌ನಲ್ಲಿ ಹುಟ್ಟಿದ ಗಾಡಿ. ಎಸ್‌ಎಸ್ ಅಲ್ಲ, ಆದರೆ ಮೂಲ ಇಂಜಿನ್ ಇರುವ, ಕಾಗದ ಇರುವ ಮಾಲಿಬು. ನನ್ನ ಕಣ್ಣಿಗೆ ಇದು ತುಂಬಾ ಒಳ್ಳೆಯ ಸುದ್ದಿ.

ನಿಜ ಹೇಳುತ್ತೇನೆ, ಆ ಬ್ಯಾಡ್ಜ್ ಕಿತ್ತು ಹಾಕಿ. ಆ ವರ್ಷ ಶೆವರ್ಲೆಯ ಮಾತೃ ಕಂಪನಿ ಜಿಎಂ ಮಧ್ಯಮ ಗಾತ್ರದ ಕಾರುಗಳಿಗೆ ಇದ್ದ 400 ಕ್ಯೂಬಿಕ್ ಇಂಚಿನ ಮಿತಿ ತೆಗೆಯಿತು. 454 ಎಲ್ಎಸ್6 ಬಂತು, 450 ಹಾರ್ಸ್ ಪವರ್. ಅಂದಿನಿಂದ ಎಲ್ಲರಿಗೂ ಅದೇ ಬೇಕು. 396 ಅಂತ ಮಾರಿದ ಇಂಜಿನ್ ಕೂಡ ಆ ವರ್ಷ ಅಳತೆಯಲ್ಲಿ 402 ಇತ್ತು. ಈ ಆಸೆಯಿಂದಲೇ ಎಷ್ಟೋ ಮಾಲಿಬುಗಳು ಮೈತುಂಬಾ ಎಸ್‌ಎಸ್ ಬ್ಯಾಡ್ಜ್ ಅಂಟಿಸಿಕೊಂಡು ಓಡಾಡುತ್ತಿವೆ. ಒಬ್ಬ ಸಾಮಾನ್ಯ ಗಿರಾಕಿ 1970ರಲ್ಲಿ ಷೋರೂಮಿಗೆ ಹೋಗಿ ತಂದ ಗಾಡಿ ಹೇಗಿತ್ತು ಅಂತ ತೋರಿಸುವ ಕಾರುಗಳೇ ಕಡಿಮೆಯಾಗುತ್ತಿವೆ. ನಿಮ್ಮದು ಅಂಥದ್ದು.

ವಿ8 ಹಾಸನ, ಡಲ್ಲಾಸ್

ಕಾಗದ ಸಿಕ್ಕ ಮೇಲೆ ನನ್ನ ಅಭಿಪ್ರಾಯ ಬದಲಾಯಿತು, ಬಿಡಿಭಾಗವಾಗಿ ಮಾರಬೇಡಿ. ಆದರೆ ಎಸ್‌ಎಸ್ ರೂಪ ಕೊಡುವುದು ತಪ್ಪು ಅಂತ ನಾನು ಒಪ್ಪಲ್ಲ. ಮಾರುವಾಗ ಮುಚ್ಚಿಟ್ಟರೆ ಅದು ಮೋಸ. ಹೇಳಿ ಮಾರಿದರೆ ಅದು ಮಾಲೀಕನ ಇಷ್ಟ. ಹಾಗೆಯೇ ಹೊಸ ಕಾಲದ ಎಲ್‌ಎಸ್ ಇಂಜಿನ್ (ಹಳೇ ಎಲ್ಎಸ್6 ಅಲ್ಲ) ಹಾಕುವುದು ಕೂಡ. 1997ರ ಕಾರ್ವೆಟ್‌ನಲ್ಲಿ ಬಂದ ಆ ಅಲ್ಯೂಮಿನಿಯಂ ಇಂಜಿನ್ ಹಗುರ, ಕೀ ತಿರುಗಿಸಿದರೆ ಚಳಿಯಲ್ಲೂ ಸ್ಟಾರ್ಟ್. ಆಗಸ್ಟ್‌ನಲ್ಲಿ ನಿಮ್ಮ ಡೆಟ್ರಾಯಿಟ್ ಕಡೆಯ ಹಳೇ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್‌ನ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ನಿಂತು ಚಲಿಸಬೇಕಾದಾಗ ಅದರ ಬೆಲೆ ಗೊತ್ತಾಗುತ್ತದೆ. ಮೂಲ 350 ತೆಗೆದು ಮೂಲೆಯಲ್ಲಿ ಜೋಪಾನವಾಗಿ ಇಟ್ಟರೆ ಏನು ನಷ್ಟ?

ಶಿರಸಿಯವ, ಮಿಷಿಗನ್

ಸರ್, ನಿಮ್ಮ ಮಾತು ಸರಿ. ಆದರೆ ಈ 350 ಹುಟ್ಟಿನಿಂದ ಇದರ ಜೊತೆಗಿದೆ ಅಂತ ಗೊತ್ತಾದ ಮೇಲೆ ಅದನ್ನೇ ಓಡಿಸಬೇಕು ಅನ್ನಿಸುತ್ತಿದೆ. ಬ್ಯಾಡ್ಜ್ ತೆಗೆಯುತ್ತೇನೆ. ಈಗ ತಗಡಿನ ಮಾತಿಗೆ ಬರೋಣ. ಮೇಷ್ಟ್ರೇ, ಚಾಸಿಯ ಬಾಲಕ್ಕೆ ಏನು ಮಾಡಲಿ? ಬಾಡಿ ಎತ್ತಿ ಪಕ್ಕಕ್ಕಿಟ್ಟು ನೆಲ ಹಾಕಲೇ, ಚಾಸಿ ಮೇಲೇ ಇದ್ದ ಹಾಗೆ ಹಾಕಲೇ?

ತಗಡು ಮೇಷ್ಟ್ರು, ಹುಬ್ಬಳ್ಳಿ

ಇದು ಸರಿಯಾದ ಪ್ರಶ್ನೆ. ನಿಧಾನಕ್ಕೆ ಓದಿ.

ನೆಲ, ಡಿಕ್ಕಿ, ಕ್ವಾರ್ಟರ್ ಮೂರೂ ಸತ್ತ ಬಾಡಿಯನ್ನು ಹಾಗೇ ಎತ್ತಿದರೆ ನಡು ಬಗ್ಗುತ್ತದೆ. ಬಾಗಿಲ ಜಾಗ ಮುಚ್ಚಿಕೊಳ್ಳುತ್ತದೆ, ಇಲ್ಲ ಅಗಲವಾಗುತ್ತದೆ. ಹಾಗಾಗಿ ಮೊದಲು ಬಾಗಿಲುಗಳು ಸರಿಯಾಗಿ ಕೂತಿರುವಾಗಲೇ ಸಂದಿಗಳ ಅಳತೆ ಬರೆದುಕೊಳ್ಳಿ. ಮೇಲೆ, ನಡುವೆ, ಕೆಳಗೆ, ಎರಡೂ ಕಡೆ. ಆಮೇಲೆ ಬಾಗಿಲು ಬಿಚ್ಚಿ, ಚೌಕ ಪೈಪಿನಿಂದ ಬಾಗಿಲ ಜಾಗಕ್ಕೆ ಅಡ್ಡ ಕಟ್ಟಿ. ಎಡದಿಂದ ಬಲಕ್ಕೂ ಒಂದು ಕಟ್ಟು ಬೇಕು. ಈ ಪೈಪುಗಳನ್ನು ಗಟ್ಟಿ ತಗಡಿಗೇ ಬೆಸೆಯಬೇಕು. ತುಕ್ಕಿಗೆ ಬೆಸೆದರೆ ಕಟ್ಟಿದ್ದೂ ಒಂದೇ, ಕಟ್ಟದಿದ್ದರೂ ಒಂದೇ.

ಇಷ್ಟಾದ ಮೇಲೆ ಬಾಡಿ ಎತ್ತಿ ಚಾಸಿ ಹೊರಗೆ ತೆಗೆಯಿರಿ. ಬಾಲಕ್ಕೆ ತೇಪೆ ಹಚ್ಚಬೇಡಿ. ಒಣ ಊರಿನ ಚಾಸಿಯ ಬಾಲ ಕತ್ತರಿಸಿ ತಂದು ಜೋಡಿಸಬಹುದು. ಜೋಡಿಸುವಲ್ಲಿ ನೇರ ಕತ್ತರಿಸದೆ ಓರೆಯಾಗಿ ಕತ್ತರಿಸಿ, ಒಳಗೆ ಬೆಂಬಲದ ಪಟ್ಟಿ ಇಟ್ಟು ಬೆಸೆಯಬೇಕು. ಬಂಪರ್, ಟ್ಯಾಂಕ್ ಎರಡರ ಭಾರವೂ ಅಲ್ಲೇ ಬರುತ್ತದೆ. ಚಾಸಿ ಬೆಸುಗೆ ಕಲಿಯುವ ಜಾಗವಲ್ಲ, ಅಷ್ಟನ್ನು ಮಾತ್ರ ಸರ್ಟಿಫಿಕೇಟ್ ಇರುವ ವೆಲ್ಡರ್ ಕೈಲಿ ಮಾಡಿಸಿ. ಕರ್ಣ ಅಳತೆ ಎರಡೂ ಕಡೆ ಒಂದೇ ಬರಬೇಕು.

ಚಾಸಿ ಸಿದ್ಧವಾಗಿ, ಹೊಸ ಬುಷ್ ಹಾಕಿ, ಬಾಡಿಯನ್ನು ಅದರ ಮೇಲೆ ಬೋಲ್ಟ್ ಮಾಡಿದ ನಂತರವೇ ನೆಲ ಕತ್ತರಿಸಿ. ಚಾಸಿಯೇ ನಿಮಗೆ ಜಿಗ್, ಅಂದರೆ ಅಳತೆ ಕದಲದಂತೆ ಹಿಡಿಯುವ ಚೌಕಟ್ಟು. ಮೊದಲು ಬಾಗಿಲ ಕೆಳಗಿನ ರಾಕರ್ ನೋಡಿ. ಅದು ಗಟ್ಟಿ ಇಲ್ಲದಿದ್ದರೆ ನೆಲ ಯಾವುದಕ್ಕೆ ಬೆಸೆಯುತ್ತೀರಿ? ಆಮೇಲೆ ನೆಲ, ಡಿಕ್ಕಿ. ಕ್ವಾರ್ಟರ್ ಕೊನೆಗೆ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದು ಬದಿಗೆ ಹೋಗಿ. ಎರಡೂ ಬದಿ ಒಟ್ಟಿಗೆ ಬಿಚ್ಚಿದರೆ ಅಳತೆಗೆ ಗುರುತೇ ಉಳಿಯುವುದಿಲ್ಲ.

ಹಳೇ ಸ್ಪಾಟ್ ವೆಲ್ಡ್ ತೆಗೆಯುವಾಗ ಕಟರ್ ಮೇಲಿನ ತಗಡನ್ನು ಮಾತ್ರ ಕೊರೆಯಬೇಕು. ಪುಡಿಯ ಬಣ್ಣ ನೋಡುತ್ತಿರಿ, ಎರಡು ತಗಡಿನ ನಡುವಿನ ಕಂದು ಪುಡಿ ಬಂದ ಕೂಡಲೇ ನಿಲ್ಲಿಸಿ. ಹೊಸ ತಗಡಿನಲ್ಲಿ 8 ಮಿ.ಮೀ. ತೂತು ಕೊರೆದು, ಆ ತೂತು ತುಂಬುವಂತೆ ಕೆಳಗಿನ ತಗಡಿಗೆ ಬೆಸೆಯಿರಿ (ಪ್ಲಗ್ ವೆಲ್ಡ್). ಮಿಗ್ ವೆಲ್ಡಿಂಗ್ ಯಂತ್ರಕ್ಕೆ 0.6 ಮಿ.ಮೀ. ತಂತಿ ಸಾಕು. ಕ್ವಾರ್ಟರ್‌ನಂಥ ಹೊರ ತಗಡಿನಲ್ಲಿ ಉದ್ದಕ್ಕೆ ಗೆರೆ ಎಳೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಆ ತುದಿಗೊಂದು ಚುಕ್ಕೆ, ಕೈ ಇಟ್ಟರೆ ಸುಡದಷ್ಟು ತಣ್ಣಗಾದ ಮೇಲೆ ಮುಂದಿನದು. ಹೊರ ತಗಡು ಬೆಸೆಯುವ ಮೊದಲು ಬಾಗಿಲು, ಡಿಕ್ಕಿ ಮುಚ್ಚಳ ಎರಡನ್ನೂ ಕೂರಿಸಿ ಸಂದಿ ನೋಡಿ. ಸಂದಿ ಸರಿಯಿಲ್ಲದ ಗಾಡಿಗೆ ಎಂಥ ಬಣ್ಣ ಹೊಡೆದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ರಸಾಯನ, ಕ್ಲೀವ್‌ಲ್ಯಾಂಡ್

ಎಷ್ಟು ಚೆನ್ನಾಗಿ ಹೇಳಿದಿರಿ ಮೇಷ್ಟ್ರೇ. ಸುರಕ್ಷತೆಯ ಬಗ್ಗೆ ನಾನು ಸೇರಿಸುತ್ತೇನೆ, ದಯವಿಟ್ಟು ಯಾರೂ ಹಗುರವಾಗಿ ತಗೊಳ್ಳಬೇಡಿ.

ಹಿಂದಿನ ಕಂಬ ಛಾವಣಿಗೆ ಸೇರುವ ಕಡೆ ಫ್ಯಾಕ್ಟರಿಯಲ್ಲಿ ಸೀಸ ತುಂಬಿರುತ್ತಾರೆ. ಅದನ್ನು ಗ್ರೈಂಡರ್‌ನಲ್ಲಿ ಉಜ್ಜಬೇಡಿ, ಪುಡಿ ಶ್ವಾಸಕ್ಕೆ ಹೋಗುತ್ತದೆ. ನಿಧಾನವಾಗಿ ಕರಗಿಸಿ ಒರೆಸಿ ತೆಗೆಯಿರಿ, ಮಾಸ್ಕ್ ಹಾಕಿ, ಮಕ್ಕಳು ಆ ಕಡೆ ಬರದಿರಲಿ. ಹಳೇ ಬ್ರೇಕಿನ ಧೂಳಿನಲ್ಲಿ ಕಲ್ನಾರು ಇರಬಹುದು, ಗಾಳಿ ಊದಿ ತೆಗೆಯಬೇಡಿ. ಬ್ಲಾಸ್ಟಿಂಗ್‌ಗೆ ಸಿಲಿಕಾ ಮರಳು ಬೇಡವೇ ಬೇಡ. ಛಾವಣಿ, ಬಾನೆಟ್‌ನಂಥ ಅಗಲ ತಗಡಿಗೆ ಜೋರಾಗಿ ಬ್ಲಾಸ್ಟ್ ಮಾಡಿದರೆ ಅಲೆ ಅಲೆಯಾಗಿ ಹೋಗುತ್ತದೆ. ಅವುಗಳಿಗೆ ಬಣ್ಣ ತೆಗೆಯುವ ದ್ರಾವಣವೇ ವಾಸಿ. ಎರಡು ಭಾಗ ಬೆರೆಸುವ ಹಲವು ಬಣ್ಣಗಳಲ್ಲಿ ಐಸೊಸಯನೇಟ್ ಅನ್ನುವ, ಶ್ವಾಸಕ್ಕೆ ಅಪಾಯಕಾರಿ ರಾಸಾಯನಿಕ ಇರುತ್ತದೆ. ಅದಕ್ಕೆ ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಬೇಕು. ಅದಿಲ್ಲದಿದ್ದರೆ ಬಣ್ಣದ ಕೆಲಸ ಬೂತ್ ಇರುವವರಿಗೆ ಬಿಡಿ.

ಸಣ್ಣ ಭಾಗಗಳಿಗೆ ಎಲೆಕ್ಟ್ರಾಲಿಸಿಸ್ ಸೊಗಸಾಗಿ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್. ತುಕ್ಕಿನ ಭಾಗಕ್ಕೆ ನೆಗೆಟಿವ್, ಗುಜರಿ ಕಬ್ಬಿಣಕ್ಕೆ ಪಾಸಿಟಿವ್. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. ಹೈಡ್ರೋಜನ್ ಬರುವುದರಿಂದ ಬಯಲಲ್ಲಿ ಮಾಡಿ. ಸ್ಪ್ರಿಂಗ್‌ಗಳನ್ನು ಇದಕ್ಕೆ ಹಾಕಬೇಡಿ, ಗಡಸು ಉಕ್ಕು ಪೆಡಸಾಗಿ ಮುರಿಯಬಹುದು.

ಕರಾವಳಿ ಕಾರು, ಉಡುಪಿ

ನಮ್ಮಲ್ಲಿ ಕೆಲವರು ಕಾಕಂಬಿ ಬಳಸುತ್ತಾರೆ ಸರ್. ಒಂದು ಭಾಗ ಕಾಕಂಬಿ, ಒಂಬತ್ತು ಭಾಗ ನೀರು. ಬೋಲ್ಟು, ಬ್ರಾಕೆಟ್, ಹಿಂಜ್ ಎಲ್ಲಾ ಮುಳುಗಿಸಿ ವಾರಗಟ್ಟಲೆ ಮರೆತುಬಿಡುವುದು. ನಾತ ಬರುತ್ತದೆ, ಹಾಗಾಗಿ ಮನೆಯಿಂದ ದೂರ ಇಡಿ. ತುಕ್ಕು ಮಾತ್ರ ಹೋಗುತ್ತದೆ, ಒಳ್ಳೆ ಕಬ್ಬಿಣ ಹಾಗೇ ಉಳಿಯುತ್ತದೆ. ಅಲ್ಯೂಮಿನಿಯಂ, ಸತುವಿನ ಭಾಗ ಹಾಕಬಾರದು.

ಸಮುದ್ರದ ಗಾಳಿ ತಿನ್ನುವ ಊರಿನವನಾಗಿ ಒಂದು ಮಾತು. ಬೆಸುಗೆ ಮುಗಿದ ಮೇಲೆ ಒಳಬದಿಯಲ್ಲಿ ಪ್ರೈಮರ್ ಸುಟ್ಟು ಹೋಗಿರುತ್ತದೆ. ಅಲ್ಲಿಗೆ ಬ್ರಷ್ ಹೋಗಲ್ಲ. ಬಣ್ಣ ಎಲ್ಲಾ ಮುಗಿದ ಮೇಲೆ ರಾಕರ್, ಬಾಗಿಲ ಒಳಗೆ, ಕ್ವಾರ್ಟರ್ ಒಳಗೆ ಉದ್ದ ನಳಿಕೆ ಹಾಕಿ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಕ್ಕೆ ಹೊಡೆಯುವ ತುಕ್ಕು ತಡೆಯುವ ಮೇಣ) ಹೊಡೆಯಿರಿ. ನೀರು ಹೋಗುವ ತೂತುಗಳನ್ನು ಸೀಲರ್‌ನಿಂದ ಮುಚ್ಚಬೇಡಿ.

ಶಿರಸಿಯವ, ಮಿಷಿಗನ್

ಇಷ್ಟೆಲ್ಲಾ ಒಂದೇ ಕಡೆ ಸಿಕ್ಕಿದ್ದು ನನ್ನ ಪುಣ್ಯ. ಬಾಗಿಲ ಅಳತೆ ಬರೆದಾಯಿತು, ಚೌಕ ಪೈಪ್ ತಂದಿದ್ದೇನೆ. ಚಾಸಿಯ ಬಾಲಕ್ಕೆ ನ್ಯೂ ಮೆಕ್ಸಿಕೋದ ಗುಜರಿ ಅಂಗಡಿಯೊಂದರ ಜೊತೆ ಮಾತಾಡುತ್ತಿದ್ದೇನೆ.

ಒಂದು ಉಳಿಯಿತು. ವಿನೈಲ್ ಪೂರ್ತಿ ಸುಲಿದೆ. ಛಾವಣಿಯ ನಡುಭಾಗ ಚೆನ್ನಾಗಿದೆ. ಹಿಂದಿನ ಗಾಜು ಕೂರುವ ಚಡಿಯಲ್ಲಿ, ಕೆಳಗಿನ ಎರಡು ಮೂಲೆಗಳಲ್ಲಿ ತೂತುಗಳಿವೆ. ಅದರ ಮುಂದೆ ಸಾಲಾಗಿ ಸೂಜಿ ಮೊನೆಯಷ್ಟು ತೂತುಗಳು. ಡಿಕ್ಕಿ ನೆಲ ಹೋಗಿದ್ದು ಇದರಿಂದಲೇ ಇರಬಹುದಾ?

ಬಿಗ್‌ಬ್ಲಾಕ್ ಭಕ್ತ, ಹ್ಯೂಸ್ಟನ್

ಖಂಡಿತ. ಈ ಗಾಡಿಗಳ ಹಳೇ ಕಾಯಿಲೆ ಅದು. ಗಾಜಿನ ಸುತ್ತ ಸ್ಟೇನ್‌ಲೆಸ್ ಟ್ರಿಮ್ ಇದೆಯಲ್ಲ, ಅದನ್ನು ಹಿಡಿಯುವ ಕ್ಲಿಪ್‌ಗಳಿಗೆ ಚಡಿಯಲ್ಲಿ ಗುಂಡುಸೂಜಿ ತಲೆಯಂಥ ಮೊಳೆಗಳನ್ನು ಬೆಸೆದಿರುತ್ತಾರೆ. ವಿನೈಲ್ ಕೆಳಗೆ ಇಳಿದ ನೀರು ಆ ಮೊಳೆಗಳ ಬುಡದಲ್ಲಿ ನಿಲ್ಲುತ್ತದೆ. ನಿಮ್ಮ ಸಾಲು ತೂತುಗಳು ಅಲ್ಲೇ ಇರುತ್ತವೆ, ನೋಡಿ. ಅಲ್ಲಿಂದ ನೀರು ಸೀದಾ ಡಿಕ್ಕಿಗೆ.

ತಗಡು ಮೇಷ್ಟ್ರು, ಹುಬ್ಬಳ್ಳಿ

ಹಾಗಾದರೆ ಅದನ್ನು ಕ್ವಾರ್ಟರ್‌ಗಿಂತ ಮೊದಲು ಮಾಡಿ. ಕ್ವಾರ್ಟರ್‌ನ ಮೇಲಿನ ಅಂಚು ಆ ಚಡಿಗೇ ಬಂದು ಸೇರುತ್ತದೆ, ಅಡಿಪಾಯ ಮೊದಲು ಗಟ್ಟಿಯಾಗಲಿ. ಗಾಜು ಒಡೆಯದೆ ತೆಗೆದು ಜೋಪಾನವಾಗಿ ಇಡಿ. ಚಡಿಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಳ್ಳಿ. ಬೆಸೆದ ಮೇಲೆ ಗಾಜು ಇಟ್ಟು ನೋಡಿ, ನಾಲ್ಕೂ ಮೂಲೆ ಒಂದೇ ಸಮ ಕೂರಬೇಕು. ಹೊಸ ಮೊಳೆ ಬೆಸೆಯುವುದು ಕೊನೆಗೆ, ಪ್ರತಿಯೊಂದರ ಬುಡಕ್ಕೂ ಎಪಾಕ್ಸಿ, ಅದರ ಮೇಲೆ ಸೀಲರ್. ಆಮೇಲೆ ಪೈಪ್ ಹಿಡಿದು ನೀರು ಬಿಡಿ, ಡಿಕ್ಕಿಯೊಳಗೆ ಒಬ್ಬರು ಟಾರ್ಚ್ ಹಿಡಿದು ಕೂತು ನೋಡಲಿ.

ಶಿರಸಿಯವ, ಮಿಷಿಗನ್

ಮೊಳೆಗಳ ಬುಡವೇ ಹೌದು, ಈಗ ತಾನೇ ನೋಡಿ ಬಂದೆ. ಹಾಗಾದರೆ ಚಾಸಿ, ಗಾಜಿನ ಚಡಿ, ರಾಕರ್, ನೆಲ, ಡಿಕ್ಕಿ, ಆಮೇಲೆ ಕ್ವಾರ್ಟರ್. ಅಡ್ಡ ಪೈಪುಗಳನ್ನು ಬೆಸೆದ ಮೇಲೆ ಫೋಟೋ ಹಾಕುತ್ತೇನೆ. ಮೇಷ್ಟ್ರೇ, ಬಾಡಿ ಎತ್ತುವ ಮೊದಲು ನೀವೊಮ್ಮೆ ನೋಡಿ ಹೇಳಬೇಕು.

ತಗಡು ಮೇಷ್ಟ್ರು, ಹುಬ್ಬಳ್ಳಿ

ಹಾಕಿ ಸರ್. ಪೈಪು ಬಾಡಿಗೆ ಸೇರುವ ಜಾಗದ ಹತ್ತಿರದ ಫೋಟೋ ಬೇಕು, ದೂರದ್ದಲ್ಲ.